ಯಾರ ಖಾತೆಗೂ ಸೇರದ ಹೊಗೆ

ಸ್ವೀಡನ್ನಿನ ದಕ್ಷಿಣದ ಅಂಚಿನಲ್ಲಿ ಮಾಲ್ಮೊ ಎಂಬ ಪಟ್ಟಣವಿದೆ. ಅಲ್ಲಿನವರು ಚಳಿಗಾಲದಲ್ಲಿ ಥಾಯ್ಲೆಂಡಿಗೆ ಹೊರಟರೆ ರೈಲು ಹತ್ತಿ, ಓರೆಸುಂಡ್ ಸೇತುವೆ ದಾಟಿ, ಡೆನ್ಮಾರ್ಕಿನ ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಅರ್ಧ ಗಂಟೆಯೊಳಗಿನ ದಾರಿ. ವಿಮಾನಕ್ಕೆ ಇಂಧನ ತುಂಬುವುದು ಅಲ್ಲಿಯೇ. ಹೀಗಾಗಿ ಆ ಪ್ರವಾಸದ ಒಂದು ಹನಿ ಇಂಧನವೂ ಸ್ವೀಡನ್ನಿನ ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಹಾಗೆಂದು ಡೆನ್ಮಾರ್ಕಿನ ತಲೆಗೂ ಬರುವುದಿಲ್ಲ. ದೇಶಗಳು ವಿಶ್ವಸಂಸ್ಥೆಗೆ ಒಪ್ಪಿಸುವ ಹಸಿರುಮನೆ ಅನಿಲಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ ಬೇರೆಯೇ ಸಾಲು. ಅದನ್ನು ಬರೆದಿಡುತ್ತಾರೆ, ಮೊತ್ತಕ್ಕೆ ಕೂಡಿಸುವುದಿಲ್ಲ. ಇದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮೂಲಕ ನೋಡಿಕೊಳ್ಳಿ ಎಂದು ಕ್ಯೋಟೊ ಒಪ್ಪಂದ ಹೇಳಿದ್ದು 1997ರಲ್ಲಿ. ಆ ಸಂಸ್ಥೆ, ವಿಮಾನಗಳ ಹೊಗೆಯನ್ನು ಸರಿದೂಗಿಸುವ ‘ಕೊರ್ಸಿಯಾ’ ಯೋಜನೆಗೆ ಒಪ್ಪಿದ್ದು 2016ರಲ್ಲಿ. ನಡುವೆ ಕಳೆದುಹೋದದ್ದು 19 ವರ್ಷ!

ಗೋಥೆನ್‌ಬರ್ಗಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಅನ್ನೆಲಿ ಕಾಂಬ್ ಮತ್ತು ಯೋರ್ಗೆನ್ ಲಾರ್ಸನ್ ಈ ಲೆಕ್ಕವನ್ನೇ ತಿರುಗಿಸಿ ಹಾಕಿದರು. ಇಂಧನ ತುಂಬಿದ್ದು ಎಲ್ಲಿ ಎಂಬುದನ್ನು ಬಿಟ್ಟು, ಸ್ವೀಡನ್ನಿನಲ್ಲಿ ವಾಸಿಸುವವರು ಎಷ್ಟು ಸಲ ಹಾರಿದರು, ಕೊನೆಗೆ ಹೋಗಿ ಇಳಿದದ್ದು ಎಲ್ಲಿ ಎಂದು ಕೇಳಿದರು. ನಡುವೆ ಎಷ್ಟು ವಿಮಾನ ಬದಲಿಸಿದರೂ ಪೂರ್ತಿ ದಾರಿ ಲೆಕ್ಕಕ್ಕೆ ಬಂತು. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಷ್ಟೇ ಅಲ್ಲ. ಎತ್ತರದ ತಣ್ಣನೆಯ ಗಾಳಿಯಲ್ಲಿ ವಿಮಾನ ಬಿಟ್ಟುಹೋಗುವ ಬಿಳಿ ಗೆರೆ, ಮಕ್ಕಳು ಕೈಚಾಚಿ ತೋರಿಸುವ ಅದೇ ಗೆರೆ, ಮಂಜಿನ ಹರಳುಗಳದ್ದು. ಹರಡಿಕೊಂಡಾಗ ನೆಲದ ಶಾಖವನ್ನು ಕೆಳಗೇ ಹಿಡಿದಿಡುತ್ತದೆ. ಅದನ್ನೂ ಅವರು ಸೇರಿಸಿದರು.

2017ಕ್ಕೆ ಬಂದ ಮೊತ್ತ ಸುಮಾರು 1 ಕೋಟಿ ಟನ್. ದೇಶದ ಕಾರುಗಳೆಲ್ಲ ಸೇರಿ ಉಗುಳುವಷ್ಟೇ! ಅಲ್ಲಿನ ಜನಸಂಖ್ಯೆಯೂ ಹೆಚ್ಚುಕಡಿಮೆ ಒಂದು ಕೋಟಿ, ಅಂದರೆ ತಲೆಗೊಂದು ಟನ್. ಜಗತ್ತಿನ ಸರಾಸರಿಯ ಐದು ಪಟ್ಟು. ನ್ಯಾಯವಾದ ಲೆಕ್ಕ ಇದೇ. ವರ್ಷವಿಡೀ ಕಾರು ಬಿಟ್ಟು ಸೈಕಲ್ ತುಳಿದವರ ಉಳಿತಾಯವನ್ನು ಒಂದೇ ದೂರಪ್ರವಾಸ ನುಂಗಿಬಿಡಬಹುದು. ಸರ್ಕಾರದ ಪಟ್ಟಿ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ.

ಜನರಿಗೆ ಮಾತ್ರ ಇದು ನಾಟಿತು. ವಿಮಾನ ಹತ್ತಲು ನಾಚಿಕೆ ಎಂಬ ಅರ್ಥದ ‘ಫ್ಲೀಗ್‌ಸ್ಕಾಮ್’ ಎಂಬ ಪದ ಮನೆಮಾತಾಯಿತು. 2018ರ ಏಪ್ರಿಲ್‌ನಲ್ಲಿ ವಿಮಾನಯಾನ ತೆರಿಗೆ ಬಂತು. 2019ರಲ್ಲಿ, ಕೊರೊನಾ ಬರುವ ಮೊದಲೇ, ಸರ್ಕಾರಿ ವಿಮಾನ ನಿಲ್ದಾಣಗಳ ಪ್ರಯಾಣಿಕರು ಶೇ. 4ರಷ್ಟು ಇಳಿದರು.

2025ರ ಜುಲೈನಲ್ಲಿ ಸ್ವೀಡನ್ ಆ ತೆರಿಗೆಯನ್ನು ತೆಗೆದುಹಾಕಿತು. ಅದೇ ವರ್ಷದ ಜನವರಿಯಿಂದ ಡೆನ್ಮಾರ್ಕ್ ಹೊಸದಾಗಿ ವಿಧಿಸತೊಡಗಿದೆ. ಹೀಗಾಗಿ ಮಾಲ್ಮೊದವರು ಸೇತುವೆಯ ಆಚೆ ಹೋಗಿ ತೆರಿಗೆ ಕಟ್ಟುತ್ತಾರೆ. ಹೊಗೆ ಮಾತ್ರ ಇಂದಿಗೂ ಆ ಬೇರೆ ಸಾಲಿನಲ್ಲೇ ಇದೆ.