ರಕ್ತಕ್ಕೆ ಟಾನಿಕ್ ಕೊಡಿ ಎನ್ನುವ ಮುನ್ನ...

ಜೆ.ಪಿ. ನಗರ: "ಮಗು ಬಿಳಿಚಿಕೊಂಡಿದೆ ಕಣ್ರೀ, ರಕ್ತ ಹೆಚ್ಚೋಕೆ ಒಂದು ಟಾನಿಕ್ ಕೊಡಿ."

ಬಡಾವಣೆಯ ಯಾವ ಹಂತದ ಔಷಧಿ ಅಂಗಡಿ ಮುಂದೆ ಸಂಜೆ ಹೊತ್ತು ನಿಂತರೂ ಕಿವಿಗೆ ಬೀಳುವ ಮಾತಿದು. ಅಂಗಡಿಯವರು ಬಾಟಲಿ ತೆಗೆದುಕೊಡುತ್ತಾರೆ, ಗಿರಾಕಿ ಕಾಸು ಎಣಿಸುತ್ತಾರೆ, ವ್ಯಾಪಾರ ಮುಗಿಯಿತು. ಅನೇಕ ಸಲ ಇದರಿಂದ ಕೆಡುಕೇನೂ ಇಲ್ಲ. ಆದರೆ ಆ ಮಗುವಿಗೆ ಇರುವುದು ತಲಸ್ಸೇಮಿಯಾ ಆಗಿದ್ದರೆ? ಆಗ ಅದೇ ಟಾನಿಕ್ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

"ರಕ್ತ ಕಡಿಮೆ" ಎಂಬ ಒಂದೇ ಮಾತಿನಲ್ಲಿ ಜನ ಬೇರೆ ಬೇರೆ ಕಾಯಿಲೆಗಳನ್ನು ಗಂಟು ಕಟ್ಟಿಬಿಡುತ್ತಾರೆ. ಸಾಮಾನ್ಯವಾಗಿ ಕಾಣುವುದು ಕಬ್ಬಿಣಾಂಶದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣ ಸಾಲದೆ ರಕ್ತ ಕಡಿಮೆಯಾದವರಿಗೆ ಕಬ್ಬಿಣದ ಮಾತ್ರೆಯೇ ಮದ್ದು, ಅದರಲ್ಲಿ ಎರಡು ಮಾತಿಲ್ಲ. ತಲಸ್ಸೇಮಿಯಾ ಹಾಗಲ್ಲ. ಅದು ತಂದೆತಾಯಿಯಿಂದ ಬರುವ ಕಾಯಿಲೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನನ್ನು ಕಟ್ಟುವ ಕೆಲಸದಲ್ಲೇ ಊನ. ಇಟ್ಟಿಗೆ ರಾಶಿ ಬಿದ್ದಿದೆ, ಗಾರೆಯವನೇ ಬಂದಿಲ್ಲ ಎಂದಮೇಲೆ ಇನ್ನೊಂದು ಲೋಡು ಇಟ್ಟಿಗೆ ತರಿಸಿ ಏನು ಪ್ರಯೋಜನ?

ಲೆಕ್ಕ ನೋಡಿ

ತೀವ್ರ ತಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಒಂದು ಪೂರ್ತಿ ಚೀಲ ರಕ್ತದಲ್ಲಿ 200 ಮಿಲಿಗ್ರಾಮಿಗೂ ಮೇಲ್ಪಟ್ಟು ಕಬ್ಬಿಣವಿರುತ್ತದೆ. ದೇಹ ದಿನಕ್ಕೆ ಹೊರಹಾಕುವುದೋ ಒಂದೆರಡು ಮಿಲಿಗ್ರಾಂ ಮಾತ್ರ! ಬರುವುದು ಸಾವಿರ, ಹೋಗುವುದು ಹತ್ತು ಎಂಬಂಥ ಖಾತೆ. ಉಳಿದದ್ದು ಪಿತ್ತಜನಕಾಂಗದಲ್ಲಿ, ಹೃದಯದಲ್ಲಿ, ಗ್ರಂಥಿಗಳಲ್ಲಿ ಕೂಡುತ್ತಾ ಹೋಗುತ್ತದೆ. ಮಗು ಎತ್ತರ ಬೆಳೆಯುವುದಿಲ್ಲ, ವಯಸ್ಸಿಗೆ ಬರುವುದು ತಡವಾಗುತ್ತದೆ, ಸಕ್ಕರೆ ಕಾಯಿಲೆ ಅಂಟಿಕೊಳ್ಳಬಹುದು. ಕೊನೆಗೆ ಹೃದಯವೇ ಸೋಲಬಹುದು. ಹೆಚ್ಚಾದ ಕಬ್ಬಿಣ ತೆಗೆಯಲು ಡೆಫೆರಾಸಿರಾಕ್ಸ್‌ನಂಥ ಮಾತ್ರೆಗಳಿವೆ. ಅವನ್ನು ದಿನವೂ ತಪ್ಪದೆ ಕೊಡಬೇಕು. ಒಂದು ಕಡೆ ಈ ದುಬಾರಿ ಮಾತ್ರೆ ಕೊಟ್ಟು, ಇನ್ನೊಂದು ಕಡೆ "ಶಕ್ತಿ ಬರಲಿ" ಎಂದು ನೆಂಟರು ತಂದ ಟಾನಿಕ್ ಕುಡಿಸಿದರೆ, ತೂತು ಮಡಕೆಗೆ ನೀರು ಹೊತ್ತಂತಾಯಿತು.

ಇದಕ್ಕೆ ಹೆದರಿ ಕೆಲವು ತಾಯಂದಿರು ಇನ್ನೊಂದು ತುದಿಗೆ ಹೋಗುತ್ತಾರೆ. ಸಾರಕ್ಕಿ ಮಾರ್ಕೆಟ್ಟಿನಿಂದ ಸೊಪ್ಪು ತರುವುದೇ ಬಿಟ್ಟರು, ರಾಗಿ ಮುದ್ದೆ ಬಂದ್, ಕಾಳಿನ ಸಾರು ಬಂದ್. ಪಾಪ, ಆ ಮಗು ತಿನ್ನುವುದಾದರೂ ಏನನ್ನು? ಊಟದಿಂದ ಆರೋಗ್ಯವಂತರ ದೇಹಕ್ಕೆ ದಿನಕ್ಕೆ ಸೇರುವ ಕಬ್ಬಿಣವೂ ಒಂದೆರಡು ಮಿಲಿಗ್ರಾಂ ಅಷ್ಟೆ. ರಕ್ತದ ಚೀಲದ ಮುಂದೆ ಬಸ್ಸಾರು ಯಾವ ಲೆಕ್ಕ! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಕಾಯಿಲೆಯಲ್ಲಿ ಮೂಳೆ ಸವೆಯುವುದರಿಂದ ಅದು ಬೇಕೇಬೇಕು. ರಾಗಿಯ ರಾಶಿಯೇ ಕಲ್ಲಾಯಿತು ಎಂದು ಕಥೆ ಹೇಳುವ ರಾಗಿಗುಡ್ಡದ ಬುಡದಲ್ಲಿದ್ದುಕೊಂಡು ಮಗುವಿಗೆ ರಾಗಿ ನಿಲ್ಲಿಸುವುದು ಯಾವ ನ್ಯಾಯ?

ರಕ್ತ ಹಾಕಿಸುವ ಅಗತ್ಯ ಅಷ್ಟಾಗಿ ಬೀಳದ ಮಧ್ಯಮ ತರಹದ ತಲಸ್ಸೇಮಿಯಾದ ಮಾತು ಬೇರೆ. ಅಂಥವರ ಕರುಳು ಊಟದಿಂದಲೇ ಹೆಚ್ಚು ಕಬ್ಬಿಣ ಹೀರುತ್ತದೆ. ಅವರು ಊಟದ ಜತೆ ಟೀ ಕುಡಿದರೆ ಈ ಹೀರುವಿಕೆ ತಗ್ಗುತ್ತದೆ. ಕಬ್ಬಿಣ ಸಾಲದವರಿಗೆ ಮಾತ್ರ ಅದೇ ಟೀ ಶತ್ರು!

ಇನ್ನು ಬೀಟ್‌ರೂಟು. ಕೆಂಪಗಿದೆ, ಆದ್ದರಿಂದ ರಕ್ತವಾಗುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಆ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವೇ ಇಲ್ಲ. ಪಲ್ಯ ರುಚಿಯಾಗಿದ್ದರೆ ತಿನ್ನಲಿ ಬಿಡಿ.

ಚೀಟಿ ಓದಿ ಕೊಡಿ

ವಿಟಮಿನ್ ಮಾತ್ರೆಗಳ ವಿಷಯದಲ್ಲಿ ಅಂಗಡಿಯವರೂ ಕೊಂಚ ಕಣ್ಣು ತೆರೆಯಬೇಕು. ಫೋಲಿಕ್ ಆಸಿಡ್, ವಿಟಮಿನ್ ಡಿ, ಕ್ಯಾಲ್ಸಿಯಂ, ಸತು ಇವು ತಲಸ್ಸೇಮಿಯಾ ಇರುವವರಿಗೆ ಬೇಕಾಗಬಹುದು. ಎಷ್ಟು ಎಂಬುದನ್ನು ವೈದ್ಯರು ಪರೀಕ್ಷೆ ನೋಡಿ ಹೇಳುತ್ತಾರೆ. ತೊಂದರೆ ಇರುವುದು "ಎಲ್ಲ ವಿಟಮಿನ್ನೂ ಒಂದರಲ್ಲೇ" ಎನ್ನುವ ಮಾತ್ರೆಗಳಲ್ಲಿ. ಹಲವದರೊಳಗೆ ಕಬ್ಬಿಣವೂ ಸೇರಿಕೊಂಡಿರುತ್ತದೆ. ಚೀಟಿಯ ಮೇಲೆ ಐರನ್, ಫೆರಸ್, ಫೆರಿಕ್ ಎಂದು ಕಂಡರೆ ಅದು ಕಬ್ಬಿಣವೇ. ವಿಟಮಿನ್ ಸಿ ಮಾತ್ರೆಯೂ ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ. ಮೈಯಲ್ಲಿ ಕಬ್ಬಿಣ ಕೂಡಿಕೊಂಡವರು ಅದನ್ನು ಹೆಚ್ಚಾಗಿ ನುಂಗಿದರೆ ಹೃದಯಕ್ಕೆ ಅಪಾಯ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹಣ್ಣಿಗೆ ಹೆದರಬೇಕಿಲ್ಲ, ವೈದ್ಯರನ್ನು ಕೇಳದೆ ನುಂಗುವ ಮಾತ್ರೆಗೆ ಹೆದರಬೇಕು. ಕಬ್ಬಿಣ ತೆಗೆಯುವ ಡೆಫೆರಾಸಿರಾಕ್ಸ್ ಜತೆಗೆ, ಗ್ಯಾಸಿಗೆಂದು ಕುಡಿಯುವ ಅಲ್ಯೂಮಿನಿಯಂ ಇರುವ ಔಷಧಿಯೂ ಸಲ್ಲದು.

ಸಸ್ಯಾಹಾರಿಗಳಿಗೆ ಮತ್ತೊಂದು ಕಿವಿಮಾತು. ರಕ್ತ ಕಡಿಮೆಯಾಗಲು ಬಿ12 ಕೊರತೆಯೂ ಕಾರಣವಿರಬಹುದು. ಅದನ್ನು ತಿಳಿಯದೆ ಬರೀ ಫೋಲಿಕ್ ಆಸಿಡ್ ನುಂಗುತ್ತಿದ್ದರೆ ರಕ್ತದ ಲೆಕ್ಕ ಸರಿಹೋದಂತೆ ಕಾಣುತ್ತದೆ, ಒಳಗೊಳಗೇ ನರ ಹಾಳಾಗುತ್ತದೆ. ಕೈಕಾಲು ಜುಮ್ಮೆನ್ನುವುದು ಶುರುವಾದರೆ ತಡಮಾಡಬಾರದು.

ಹಾಗೆಂದು ಇದನ್ನು ಓದಿ ಬಸುರಿ ಹೆಂಗಸರು ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕೀರಿ, ಜೋಕೆ! ಅನುಮಾನವಿದ್ದರೆ ಮಾತ್ರೆ ಬಿಡುವುದಲ್ಲ, ರಕ್ತ ಪರೀಕ್ಷೆ ಮಾಡಿಸುವುದು. ಕಬ್ಬಿಣದ ದಾಸ್ತಾನನ್ನು ಫೆರಿಟಿನ್ ಪರೀಕ್ಷೆ ಹೇಳುತ್ತದೆ. ಎಚ್‌ಬಿ ಎ2 ಪರೀಕ್ಷೆ ತಲಸ್ಸೇಮಿಯಾದ ವಾಹಕರನ್ನು ಪತ್ತೆ ಹಚ್ಚುತ್ತದೆ. ವಾಹಕರು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಹಿಮೋಗ್ಲೋಬಿನ್ ಮಾತ್ರ ಸ್ವಲ್ಪ ತಗ್ಗಿರಬಹುದು. ಅದನ್ನೇ ಕಬ್ಬಿಣದ ಕೊರತೆ ಎಂದುಕೊಂಡು ವರ್ಷಗಟ್ಟಲೆ ಟಾನಿಕ್ ಕುಡಿದವರೂ ಉಂಟು.

ಜೆ.ಪಿ. ನಗರದವರು ಇದಕ್ಕಾಗಿ ದೂರ ಅಲೆಯಬೇಕಿಲ್ಲ. ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇಂಥ ಮಕ್ಕಳಿಗೆ ಚಿಕಿತ್ಸೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ತಲಸ್ಸೇಮಿಯಾವೂ ಸೇರಿರುವುದು ಎಷ್ಟೋ ತಂದೆತಾಯಿಗಳಿಗೆ ಗೊತ್ತೇ ಇಲ್ಲ.

ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಗೆ ಮುಂಚೆ ಜಾತಕ ಹಿಡಿದು ಜೋಯಿಸರ ಮನೆಗೆ ಹೋಗುವವರು, ಅದೇ ದಾರಿಯಲ್ಲಿರುವ ಲ್ಯಾಬಿಗೂ ಒಮ್ಮೆ ಹೊಕ್ಕು ಬರಬಹುದು. ಅಲ್ಲಿ ಬೇಕಾಗುವುದು ಒಂದು ಸಣ್ಣ ಕೊಳವೆಯಷ್ಟು ರಕ್ತ.