ಹತ್ತು ಜನರ ಕಡ್ಡಿ, ಒಬ್ಬನ ಹೊರೆ

(ಹಾಕಿ ಕೋಲುಗಳನ್ನು ಒಟ್ಟಾಗಿ ಒಯ್ಯುವ ಕೈಹಿಡಿಯ ವಿಚಾರ)

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ನಾವೆಲ್ಲರೂ ಊರಿನಲ್ಲಿ ಹಿರಿಯರ ಬಾಯಿಂದ ಕೇಳಿದವರೇ. ಆದರೆ ಅದರ ಅರ್ಥ ನಮಗೆ ಪೂರ್ತಿಯಾಗಿ ಮನದಟ್ಟಾದುದು ಸಚಿನ್ ಸ್ಟೇಷನ್ನಿನ ಮೆಟ್ಟಿಲುಗಳ ಮೇಲೆ. ಕೆಲವು ಭಾನುವಾರಗಳ ಹಿಂದೆ ಹಾಕಿ ಆಡುವ ಹುಡುಗರ ಗುಂಪೊಂದು ನವಸಾರಿ ಕಡೆಯ ಗಾಡಿಗೆ ಹೊರಟಿತ್ತು. ಎಲ್ಲರಿಗಿಂತ ಚಿಕ್ಕವನು ಎಲ್ಲರಿಗಿಂತ ಹಿಂದೆ. ಅವನ ಕೈಯಲ್ಲಿ ಸೆಣಬಿನ ಹಗ್ಗದಿಂದ ಬಿಗಿದ ಕೋಲುಗಳ ಕಟ್ಟು. ಹತ್ತು ಹೆಜ್ಜೆಗೊಮ್ಮೆ ಕೈ ಬದಲಿಸುವನು, ಮತ್ತೆ ನಡೆಯುವನು. ಕೈ ತೋರಿಸಪ್ಪಾ ಎಂದೆವು. ಅಂಗೈಯಲ್ಲಿ ಹಗ್ಗ ಕೊರೆದ ಕೆಂಪು ಗೆರೆಗಳು ಎದ್ದು ನಿಂತಿದ್ದವು. “ಇವತ್ತ ನಾ ಆಡೂದಿಲ್ಲ ಕಾಕಾ. ಅದಕ್ಕ ನಾನಽ ಹೊರಬೇಕು” ಎಂದು ನಕ್ಕು ಮುಂದೆ ಹೋದ.

ಆಡದವನು ಹೊರಬೇಕೆಂಬುದು ಎಲ್ಲ ತಂಡಗಳಲ್ಲಿಯೂ ಇರುವ ಬರೆಯದ ಕಾಯಿದೆ. ಆದರೆ ಆಟದ ನಡುವೆ ಒಬ್ಬನ ಕಾಲು ಉಳುಕಿದರೆ ಕಣಕ್ಕಿಳಿಯಬೇಕಾದವನೂ ಇವನೇ. ಆಗ ಆ ಮರಗಟ್ಟಿದ ಕೈ ಕೋಲನ್ನು ಹೇಗೆ ಹಿಡಿದೀತು? ಕೆಲಸಕ್ಕೆಂದು ಇಷ್ಟು ದೂರ ಬಂದು, ದಿನವೂ ಕೈಯನ್ನೇ ನಂಬಿ ಬದುಕುವ ನಮಗೆ ಈ ಪ್ರಶ್ನೆ ಸಣ್ಣದೆಂದು ತೋರಲಿಲ್ಲ. ಆದುದರಿಂದ, ಅರ್ಧ ದಿನದ ಬಿಡುವಿನಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಂದು ಸಾಧನದ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೋಲಿನ ತೂಕ ಮತ್ತು ಗುಣ

ಹಾಕಿಯ ನಿಯಮದಂತೆ ಒಂದು ಕೋಲು ೭೩೭ ಗ್ರಾಮಿಗಿಂತ ಭಾರವಿರಕೂಡದು. ಉದ್ದ ೧೦೫ ಸೆಂಟಿಮೀಟರ್ ಮೀರಕೂಡದು. ೫೧ ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ಅದು ತೂರಿಹೋಗಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೋಲು ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ೫೫೦ ಗ್ರಾಂ ಎಂದು ಹಿಡಿಯೋಣ. ಒಬ್ಬನಿಗೆ ಅದು ಲೆಕ್ಕಕ್ಕೇ ಇಲ್ಲದ ಭಾರ. ಆಡುವ ಹನ್ನೊಂದು ಮಂದಿಯ ಕೋಲುಗಳ ಜೊತೆಗೆ ಹೆಚ್ಚಿನದೊಂದನ್ನು ಸೇರಿಸಿದರೆ ಹನ್ನೆರಡಾಯಿತು. ಒಟ್ಟು ಆರು ಕಿಲೋ ಆರು ನೂರು ಗ್ರಾಂ. ಇಷ್ಟು ಭಾರದ ಅಕ್ಕಿಯ ಚೀಲವನ್ನು ನಾವು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತೇವೆ. ಆದರೆ ಕೋಲುಗಳು ಅಕ್ಕಿಯಂತೆ ಹೆಗಲಿಗೆ ಒಗ್ಗುವ ವಸ್ತುವಲ್ಲ. ಉದ್ದವಾಗಿ, ತುದಿ ಬಾಗಿ, ಒಂದಕ್ಕೊಂದು ಸಿಕ್ಕಿಕೊಂಡು ಜಾರುತ್ತವೆ.

ಹಳೆಯ ಮಾದರಿಯ ಕೋಲುಗಳು ಹಿಪ್ಪುನೇರಳೆ ಮರದವು. ಹಿಡಿಗೆ ಬೆತ್ತ ಕೂಡಿಸುತ್ತಿದ್ದರು. ರಾಮನಗರ, ಕೋಲಾರಗಳ ಕಡೆಯವರು ಹಿಪ್ಪುನೇರಳೆಯನ್ನು ಬಲ್ಲರು. ಅದರ ಎಲೆ ರೇಷ್ಮೆಹುಳುವಿನ ಆಹಾರ. ಎಲೆ ರೇಷ್ಮೆಯಾದರೆ ಮರ ಹಾಕಿ ಕೋಲಾಯಿತು. ಈ ಮರ ಬಾಗಿಸಿದರೆ ಬಾಗುತ್ತದೆ, ಪೆಟ್ಟು ತಾಳುತ್ತದೆ. ದೇಶ ವಿಭಜನೆಗೆ ಮುಂಚೆ ಸಿಯಾಲ್‌ಕೋಟ್ ಈ ಕಸುಬಿಗೆ ಹೆಸರಾಗಿತ್ತು. ೧೯೪೭ರ ನಂತರ ಅಲ್ಲಿಂದ ಬಂದ ಕುಶಲಕರ್ಮಿಗಳು ಜಾಲಂಧರ, ಮೀರತ್‌ಗಳಲ್ಲಿ ಕಸುಬನ್ನು ಬೆಳೆಸಿದರು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿದರು. ಕ್ರಮೇಣ ಗಾಜಿನ ನಾರು, ಕಾರ್ಬನ್ ನಾರುಗಳ ಕೋಲುಗಳು ಬಂದವು. ಮರದ ಕೋಲು ತೇವ ಹೀರಿ ಕೆಡುತ್ತದೆ. ಕಾರ್ಬನ್ನಿನದು ತೇವಕ್ಕೆ ಅಂಜದಿದ್ದರೂ ಅಂಚಿಗೆ ಬಿದ್ದ ಗಟ್ಟಿ ಪೆಟ್ಟಿಗೆ ಬಿರುಕು ಬಿಡುತ್ತದೆ. ಎರಡನ್ನೂ ಒಂದರ ಮೇಲೊಂದು ಬಡಿಯದಂತೆ ಒಯ್ಯಬೇಕು.

ಕೊಡಗಿನ ಲೆಕ್ಕ

ಹಾಕಿ ನಮಗೆ ಹೊರಗಿನ ಆಟವೆಂದು ಯಾರೂ ತಿಳಿಯಬೇಕಾಗಿಲ್ಲ. ೧೯೭೩ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ. ಪಿ. ಗಣೇಶ್, ೧೯೭೫ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ. ಪಿ. ಗೋವಿಂದ, ೧೯೮೦ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ, ಈ ಮೂವರೂ ನಮ್ಮ ಕೊಡಗಿನವರು.

ಅದೇ ಕೊಡಗಿನ ಕರಡ ಗ್ರಾಮದಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ನಡುವೆ ಹಾಕಿ ಹಬ್ಬವನ್ನು ಆರಂಭಿಸಿದರು. ಇಲ್ಲಿ ಸಂಘ, ಕ್ಲಬ್ಬುಗಳ ತಂಡವಿಲ್ಲ; ಮನೆತನವೇ ತಂಡ. ತಂದೆ ಮಗಳು, ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಓಡುವುದುಂಟು. ಮೊದಲ ವರ್ಷ ೬೦ ತಂಡಗಳಿದ್ದವು. ೨೦೨೪ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನದವರು ನಡೆಸಿದ ಹಬ್ಬಕ್ಕೆ ೩೬೦ ತಂಡಗಳು ಸೇರಿದವು. ತಂಡಕ್ಕೆ ಹನ್ನೊಂದೇ ಎಂದು ಹಿಡಿದರೂ ೩,೯೬೦ ಕೋಲುಗಳಾದವು. ಗುಮಾಸ್ತೆಯ ಕೆಲಸ ಮಾಡುವ ನಮ್ಮ ಮಿತ್ರರು ಇದನ್ನು ೫೫೦ ಗ್ರಾಮಿನಿಂದ ಗುಣಿಸಿ ನೋಡಲಿ. ಎರಡು ಟನ್ನಿಗಿಂತ ಹೆಚ್ಚು! ಅದೆಲ್ಲವೂ ಯಾರದೋ ಕೈಯಲ್ಲಿ, ಯಾರದೋ ಜೀಪಿನಲ್ಲಿ ಮೈದಾನಕ್ಕೆ ಬಂದದ್ದೇ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹೊತ್ತು ತಂದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಹಗ್ಗದ ದೋಷಗಳು

ಹಗ್ಗದ ಕಟ್ಟಿಗೆ ಮೂರು ದೋಷಗಳಿವೆ. ಮೊದಲನೆಯದು ಕೈಗೆ. ನಾಲ್ಕು ಮಿಲಿಮೀಟರ್ ದಪ್ಪದ ಹಗ್ಗ ಎಂಟು ಸೆಂಟಿಮೀಟರ್ ಅಗಲದ ಅಂಗೈಯ ಮೇಲೆ ಕುಳಿತರೆ ಸುಮಾರು ಮೂರು ಚದರ ಸೆಂಟಿಮೀಟರ್ ಚರ್ಮವೇ ಆರೂವರೆ ಕಿಲೋ ಭಾರವನ್ನು ತಾಳಬೇಕು. ಅಂದರೆ ಚದರ ಸೆಂಟಿಮೀಟರಿಗೆ ಎರಡು ಕಿಲೋ. ಕೊರೆಯದೆ ಏನು ಮಾಡೀತು? ಎರಡನೆಯದು ಕೋಲಿಗೆ. ಕಟ್ಟಿನೊಳಗೆ ಅವು ಹೆಜ್ಜೆಹೆಜ್ಜೆಗೂ ತಿಕ್ಕಾಡುತ್ತವೆ. ಮೂರನೆಯದು ಲೆಕ್ಕಕ್ಕೆ. ಕಟ್ಟಿನಲ್ಲಿ ಹನ್ನೆರಡಿವೆಯೋ ಹನ್ನೊಂದಿವೆಯೋ ಬಿಚ್ಚಿ ಎಣಿಸದೆ ತಿಳಿಯದು. ಗಾಡಿಯಲ್ಲಿ ಒಂದು ಬಿಟ್ಟುಹೋದರೆ ಗೊತ್ತಾಗುವುದು ಮೈದಾನದಲ್ಲಿ. ಬೈಗುಳ ಸಿಗುವುದು ಹೊತ್ತವನಿಗೆ.

ಕೋಲುಗಳಿಗೆಂದೇ ಹೊಲಿದ ಚೀಲಗಳು ಅಂಗಡಿಯಲ್ಲಿ ದೊರೆಯುತ್ತವೆ, ಕೊಳ್ಳಬಲ್ಲವರು ಕೊಳ್ಳಲಿ. ಪರದೇಶಗಳಲ್ಲಿ ಅನೇಕ ಕೋಲುಗಳನ್ನು ಒಂದೇ ಕೈಯಲ್ಲಿ ಒಯ್ಯುವ ಹಿಡಿಗಳಿಗೆ ಪೇಟೆಂಟ್ ಪಡೆದವರೂ ಉಂಟು. ಅವುಗಳ ಹಿಂದಿರುವ ತತ್ತ್ವ ಸರಳ: ಪ್ರತಿ ಕೋಲಿಗೂ ಒಂದು ಮನೆ, ಎಲ್ಲ ಮನೆಗಳಿಗೂ ಸೇರಿ ಒಂದು ಹಿಡಿ. ಈ ತತ್ತ್ವವನ್ನು ಹಿಡಿದು ನಾವೂ ಮಾಡಿಕೊಳ್ಳಬಹುದು.

ಮಾಡುವ ಬಗೆ

ಕೋಲುಗಳನ್ನು ಕೊಕ್ಕೆಯಿಂದ ನೆಟ್ಟಗೆ ತೂಗುಹಾಕುವುದು ಸುಲಭವೆಂದು ಮೊದಲಿಗೆ ತೋರುತ್ತದೆ. ಆದರೆ ಇಳಿಬಿಟ್ಟ ಕೈ ನೆಲದಿಂದ ಸುಮಾರು ಎಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಕೋಲಿನ ಉದ್ದ ತೊಂಬತ್ತಕ್ಕೂ ಮೇಲೆ. ತುದಿ ನೆಲಕ್ಕೆ ಎಳೆಯುವುದು ಖಂಡಿತ. ಆದುದರಿಂದ ಕೋಲುಗಳು ಪೆಟ್ಟಿಗೆಯಂತೆ ಅಡ್ಡಲಾಗಿ, ನಾವು ನಡೆಯುವ ದಿಕ್ಕಿಗೆ ಮಲಗಿರಬೇಕು.

ಹನ್ನೆರಡು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ ೪೮ ಸೆಂಟಿಮೀಟರ್ ಉದ್ದ, ೧೦ ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಸಾದಾ ಹಲಗೆ ಬೇಡ. ಅದರ ಎಳೆ ಒಂದೇ ದಿಕ್ಕಿಗಿರುವುದರಿಂದ ಹಲ್ಲುಗಳು ಸೀಳಿಹೋಗುತ್ತವೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗೆ ಮುಂದಿನ ಪದರದ ಎಳೆ ಅಡ್ಡವಾಗಿರುತ್ತದೆ. ಮಗ್ಗದ ಮೇಲೆ ಹಾಸು ಹೊಕ್ಕು ಸೇರಿ ಬಟ್ಟೆ ಗಟ್ಟಿಯಾಗುವಂತೆಯೇ ಇದು ಎಂದರೆ ನಮ್ಮ ವಾಚಕರಿಗೆ ಬೇರೆ ವಿವರಣೆ ಬೇಕಿಲ್ಲ.

ಎರಡೂ ಪಟ್ಟಿಗಳನ್ನು ಜೋಡಿಸಿ ಹಿಡಿದು, ಒಂದೇ ಕಡೆಯ ಅಂಚಿನಲ್ಲಿ ಆರು ಕಚ್ಚುಗಳನ್ನು ಕೊರೆಯಿರಿ. ಒಂದೊಂದು ಕಚ್ಚು ನಾಲ್ಕು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಆಳ. ಒಂದರ ನಡುವಿನಿಂದ ಮತ್ತೊಂದರ ನಡುವಿಗೆ ಆರು ಸೆಂಟಿಮೀಟರ್ ಅಂತರ. ಕೋಲಿನ ತಲೆ ೫೧ ಮಿಲಿಮೀಟರ್ ಬಳೆಯೊಳಗೆ ತೂರಲೇಬೇಕೆಂಬ ನಿಯಮವನ್ನು ಮೇಲೆ ಹೇಳಿದೆವಷ್ಟೆ. ಆ ಕಾರಣದಿಂದ ಅಕ್ಕಪಕ್ಕದ ಕೋಲುಗಳು ಒಂದನ್ನೊಂದು ಮುಟ್ಟಲಾರವು. ಕಚ್ಚುಗಳು ಹೊರಗಿನಿಂದ ಒಳಕ್ಕೆ ಸ್ವಲ್ಪ ಕೆಳಮುಖವಾಗಿ ಓರೆಯಾಗಿರಲಿ. ಕೋಲು ತನ್ನ ಭಾರದಿಂದಲೇ ಒಳಗೆ ಕೂರುತ್ತದೆ. ಕಚ್ಚಿನ ಒಳಮೈಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಅಂಟಿಸಿದರೆ ಕೋಲಿಗೆ ಗೀರು ಬೀಳದು.

ಬಳಿಕ ಪಟ್ಟಿಗಳನ್ನು ೩೫ ಸೆಂಟಿಮೀಟರ್ ದೂರದಲ್ಲಿ ಎದುರುಬದುರು ನಿಲ್ಲಿಸಿ ಎರಡು ದುಂಡು ಕೋಲುಗಳಿಂದ ಕೂಡಿಸಬೇಕು. ಒಂದು ಕೆಳಗೆ, ಕಚ್ಚಿಲ್ಲದ ಅಂಚಿನ ಕಡೆ. ಇದು ಚೌಕಟ್ಟು ಮಡಿಸಿಕೊಳ್ಳದಂತೆ ತಡೆಯುತ್ತದೆ. ಇನ್ನೊಂದು ಮೇಲೆ, ಇದೇ ಹಿಡಿ. ಹಿಡಿಗೂ ಮೇಲಿನ ಕಚ್ಚಿಗೂ ನಡುವೆ ಬೆರಳುಗಳು ಆಡುವಷ್ಟು, ಎಂಟು ಸೆಂಟಿಮೀಟರ್ ಜಾಗವಿರಲಿ.

ಹಿಡಿಯ ಸ್ಥಾನದಲ್ಲಿಯೇ ಇದರ ಗುಟ್ಟು ಅಡಗಿದೆ. ಅದನ್ನು ಪಟ್ಟಿಯ ನಟ್ಟನಡುವೆ ಇಡಬಾರದು. ಕಚ್ಚುಗಳಲ್ಲಿ ಕೋಲುಗಳು ಕೂರುವ ಜಾಗದ ನೇರ ಮೇಲೆ, ಅಂದರೆ ಕಚ್ಚಿನ ಅಂಚಿನಿಂದ ಮೂರು ನಾಲ್ಕು ಸೆಂಟಿಮೀಟರ್ ಒಳಗೆ ಇಡಬೇಕು. ಭಾರ ಒಂದು ಕಡೆ, ಹಿಡಿ ಒಂದು ಕಡೆಯಾದರೆ ಸಾಧನ ವಾಲುತ್ತದೆ. ಆ ವಾಲುವಿಕೆಯನ್ನು ತಡೆಯುವ ಕೆಲಸವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಆದುದರಿಂದ ಹಿಡಿಯನ್ನು ಕಾಯಂ ಮಾಡುವ ಮೊದಲು ಕೋಲುಗಳನ್ನು ತುಂಬಿ, ಎತ್ತಿ ನೋಡಿ, ವಾಲಿದ ಕಡೆಗೆ ಹಿಡಿಯನ್ನು ತುಸು ಸರಿಸಿ, ಆಮೇಲೆ ಸ್ಕ್ರೂ ಬಿಗಿಯಿರಿ.

ಹಿಡಿಯ ದುಂಡು ಕೋಲಿನ ಮೇಲೆ ಕಾಗದದ ಕೊಳವೆ ತೊಡಿಸಿದರೆ ಕೈಗೆ ಹಿತ. ಬಟ್ಟೆ ಸುತ್ತಿ ಬರುವ ಸಣ್ಣ ಕೊಳವೆಗಳು ಸೂರತ್ತಿನ ಸುತ್ತ ಎಷ್ಟು ಬಿದ್ದಿರುತ್ತವೆಂಬುದು ನಮಗೆ ಗೊತ್ತು. ಮುಷ್ಟಿ ಸುಖವಾಗಿ ಮುಚ್ಚುವಂಥದು, ಮೂರು ನಾಲ್ಕು ಸೆಂಟಿಮೀಟರ್ ದಪ್ಪದ್ದನ್ನು ಆರಿಸಿಕೊಳ್ಳಬೇಕು. ಕಾರ್ಖಾನೆಯಿಂದ ತರುವವರು ಮೇಲಿನವರನ್ನು ಕೇಳಿಯೇ ತರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಒಂದು ಕೊಳವೆಗಾಗಿ ಗೇಟಿನಲ್ಲಿ ತಲೆತಗ್ಗಿಸುವುದು ಬೇಡ.

ಬಳಸುವ ಬಗೆ

ಕೋಲುಗಳನ್ನು ಒಂದು ಮುಂದಕ್ಕೆ ತಲೆ, ಒಂದು ಹಿಂದಕ್ಕೆ ತಲೆ, ಹೀಗೆ ಸರದಿಯಂತೆ ಇಡಿ. ಕೋಲಿನ ಭಾರವೆಲ್ಲ ತಲೆಯ ಕಡೆಗೆ ಇರುವುದರಿಂದ ಎಲ್ಲವನ್ನೂ ಒಂದೇ ಕಡೆಗೆ ಇಟ್ಟರೆ ಸಾಧನ ಮೂತಿ ಕೆಳಗೆ ಮಾಡುತ್ತದೆ. ಕೊಕ್ಕೆಗಳೆಲ್ಲ ಕಾಲಿನಿಂದ ಹೊರಕ್ಕೆ ಮುಖ ಮಾಡಿರಲಿ. ಕೊನೆಗೆ ಪಟ್ಟಿಯ ಮೇಲಿನಿಂದ ಕೆಳಗಿನವರೆಗೆ, ಕಚ್ಚುಗಳ ಬಾಯಿಗೆ ಅಡ್ಡವಾಗಿ, ಸೈಕಲ್ ಟ್ಯೂಬಿನ ಉದ್ದನೆಯ ಪಟ್ಟಿಯೊಂದನ್ನು ಎಳೆದು ಮೊಳೆಗೆ ಸಿಕ್ಕಿಸಿ. ಗಾಡಿ ಹತ್ತುವಾಗ ಸಾಧನ ಓರೆಯಾದರೂ ರಬ್ಬರು ಕೋಲುಗಳನ್ನು ಬಿಡುವುದಿಲ್ಲ. ಜನಸಂದಣಿಯಲ್ಲಿ ಮಾತ್ರ ಎಚ್ಚರ ಬೇಕು. ಮುಂದೆ ಚಾಚಿದ ತುದಿ ಮುಂದಿನವರ ಬೆನ್ನಿಗೆ ತಗಲದಂತೆ ನೆಟ್ಟಗೆ ತಿರುಗಿಸಿ ಎದೆಗವಚಿ ಹಿಡಿದುಕೊಳ್ಳಿ.

ಒಂದು ಸಾಧನಕ್ಕೆ ಆರು ಕೋಲು. ಹನ್ನೆರಡನ್ನೂ ಒಂದರಲ್ಲಿಯೇ ಏಕೆ ಇಡಬಾರದೆಂದು ಕೇಳಬಹುದು. ಎರಡು ಕೈ ಇರುವವನು ಎರಡರಲ್ಲಿಯೂ ಸಮನಾಗಿ ಹೊತ್ತರೆ ಬೆನ್ನು ನೆಟ್ಟಗಿರುತ್ತದೆ. ನಮ್ಮ ಊರಿನ ನೀರಿನ ಅಡ್ಡೆಯಲ್ಲಿ ಎರಡು ಕಡೆಯೂ ಕೊಡವಿರುವುದು ಇದಕ್ಕಾಗಿಯೇ. ಕೈಗೆ ಮೂರು ಕಿಲೋ ಮುನ್ನೂರು ಗ್ರಾಂ ಕೋಲು, ಸಾಧನದ್ದು ಹೆಚ್ಚೆಂದರೆ ಒಂದು ಕಿಲೋ. ದಪ್ಪ ಹಿಡಿಯ ಮೇಲೆ ಇದು ಚದರ ಸೆಂಟಿಮೀಟರಿಗೆ ಇನ್ನೂರು ಗ್ರಾಮನ್ನು ಮುಟ್ಟುವುದಿಲ್ಲ. ಹಗ್ಗದ ಎರಡು ಕಿಲೋ ಎಲ್ಲಿ, ಇದು ಎಲ್ಲಿ!

ಇನ್ನು ಲೆಕ್ಕದ ಸಂಗತಿ. ಆರು ಕಚ್ಚು, ಆರು ಕೋಲು. ಒಂದು ಬಿಟ್ಟುಹೋದರೆ ಖಾಲಿ ಕಚ್ಚೇ ಬಾಯಿ ತೆರೆದು ಹೇಳುತ್ತದೆ. ಎಣಿಸಬೇಕಾಗಿಲ್ಲ, ಬೈಸಿಕೊಳ್ಳಬೇಕಾಗಿಲ್ಲ. ಕಚ್ಚಿಗೊಂದು ಅಂಕಿ ಬರೆದು, ಅದೇ ಅಂಕಿಯನ್ನು ಕೋಲಿನ ಹಿಡಿಯ ಮೇಲೂ ಬರೆದರೆ ಯಾರದು ಯಾರದೆಂಬ ಜಗಳವೂ ತೀರಿತು. ಅಂಗೈ ಉಳಿದಷ್ಟೇ ದೊಡ್ಡ ಲಾಭ ಇದೂ ಹೌದೆಂದು ನಾವು ತಿಳಿಯುತ್ತೇವೆ.

ಕೊನೆಯದಾಗಿ ಒಂದು ಮಾತು. ಸಾಧನ ಎಷ್ಟೇ ಚೆನ್ನಾಗಿದ್ದರೂ ಹೊರೆ ಇಲ್ಲವಾಗುವುದಿಲ್ಲ. ಹೊರುವುದು ಸುಲಭವಾಗುತ್ತದೆ, ಅಷ್ಟೆ. ಇದನ್ನು ಎರಡಾಗಿ ಮಾಡಿರುವುದರಲ್ಲಿ ಇನ್ನೊಂದು ಅನುಕೂಲವಿದೆ. ಹೋಗುವಾಗ ಚಿಕ್ಕವನು ಒಂದನ್ನು ಹಿಡಿದರೆ ತಂಡದ ನಾಯಕನು ಇನ್ನೊಂದನ್ನು ಹಿಡಿಯಬಹುದು. ಹಗ್ಗದ ಕಟ್ಟನ್ನು ಹಾಗೆ ಹಂಚಿಕೊಳ್ಳಲು ಬರುತ್ತಿರಲಿಲ್ಲ. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆಯಾಗಬಾರದೆಂದೇ ಅಲ್ಲವೇ ಹಿರಿಯರು ಆ ಗಾದೆ ಕಟ್ಟಿದ್ದು?

ಇದನ್ನು ಮಾಡಿದವರು ನಮ್ಮ ವಾಚನಾಲಯಕ್ಕೆ ತಂದು ತೋರಿಸಿದರೆ ಸಂತೋಷಪಡುತ್ತೇವೆ. ಅಳತೆಯಲ್ಲಿ ತಿದ್ದುಪಡಿ ಸೂಚಿಸಿದರೆ ಇನ್ನೂ ಸಂತೋಷ. ಅಂದು ಮೆಟ್ಟಿಲ ಮೇಲೆ ಕಂಡ ಆ ಹುಡುಗನ ಗುರುತು ಬಲ್ಲವರಿದ್ದರೆ ಅವನನ್ನೂ ಕರೆತನ್ನಿ. ಮೊದಲ ಜೋಡಿಯನ್ನು ಅವನ ಕೈಗೇ ಕೊಡೋಣ.