ಹಳೆಯ ಪಿಕಪ್‌ಗೆ ಹೊಸ ಮೇಲ್ಕಟ್ಟು

ಅಮೆರಿಕದ ಹಳ್ಳಿಗಾಡಿನಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಪಿಕಪ್ ಗಾಡಿಗಳು ಇಂದಿಗೂ ಓಡಾಡುತ್ತಿವೆ. ಮುಂದೆ ಇಬ್ಬರು ಮೂವರು ಕೂರುವಷ್ಟು ಸ್ಥಳ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಇದೇ ಪಿಕಪ್ಪಿನ ರೂಪ. ಎಷ್ಟೋ ಮನೆಗಳಲ್ಲಿ ಅದು ತಂದೆಯಿಂದ ಮಗನಿಗೆ ಬಂದ ಆಸ್ತಿ. ಎಂಜಿನ್ನು ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಹೊರಗಿನ ಬಣ್ಣವೂ ಅಷ್ಟಾಗಿ ಮಾಸಿರುವುದಿಲ್ಲ. ಆದರೆ ಒಳಗೆ ಕುಳಿತೊಡನೆ ತಲೆಗೂದಲಿಗೆ ಏನೋ ಮೆತ್ತಗೆ ತಗಲುತ್ತದೆ. ಕತ್ತೆತ್ತಿ ನೋಡಿದರೆ ಚಾವಣಿಯ ಬಟ್ಟೆ ಜೋಳಿಗೆಯಂತೆ ಜೋತುಬಿದ್ದಿರುತ್ತದೆ! ಗಾಡಿ ವೇಗ ಹಿಡಿದು ಕಿಟಕಿಯಿಂದ ಗಾಳಿ ನುಗ್ಗಿತೆಂದರೆ ಆ ಬಟ್ಟೆ ಪಟಪಟನೆ ಬಡಿದುಕೊಳ್ಳುವುದು. ಹಿಂದಿನ ಗಾಜಿಗೆ ಅಡ್ಡವಾಗಿ, ಹಿಂದೆ ಬರುವ ವಾಹನವೇ ಕನ್ನಡಿಯಲ್ಲಿ ಕಾಣದಂತಾಗುವುದು.

ನಮ್ಮಲ್ಲಿ ಮದುವೆಯ ಚಪ್ಪರದೊಳಗೆ ಬಟ್ಟೆಯ ಮೇಲ್ಕಟ್ಟು ಕಟ್ಟುವುದುಂಟಷ್ಟೆ. ಮೋಟಾರು ವಾಹನದ ಚಾವಣಿಯೊಳಗಿನ ಹೆಡ್‌ಲೈನರ್ ಎಂಬುದೂ ಅಂತಹುದೇ ಒಂದು ಮೇಲ್ಕಟ್ಟು. ಜೋತುಬಿದ್ದ ಅದನ್ನು ತೆಗೆದು, ಮನಸ್ಸಿಗೊಪ್ಪುವ ಬಟ್ಟೆಯನ್ನು ಹಚ್ಚಿ ಹಳೆಯ ಗಾಡಿಗೆ ಹೊಸ ಕಳೆ ತರುವುದು ಅಲ್ಲಿ ಬಹು ಜನರ ಬಿಡುವಿನ ವೇಳೆಯ ಕಸುಬಾಗಿದೆ.

ಬಟ್ಟೆಯ ಮಾಡಿನಿಂದ ಉಕ್ಕಿನ ಮಾಡಿಗೆ

ಫೋರ್ಡ್ ಸಂಸ್ಥೆ ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿದ ತನ್ನ ಮೊದಲ ಪಿಕಪ್ಪನ್ನು 1925ರಲ್ಲಿ ಮಾರಾಟಕ್ಕೆ ತಂದಿತು. ಅದರ ಬೆಲೆ 281 ಡಾಲರು. ಆ ಗಾಡಿಗೆ ಮೇಲ್ಕಟ್ಟಿನ ಚಿಂತೆಯೇ ಇರಲಿಲ್ಲ. ಮಡಿಸಬಹುದಾದ ಬಟ್ಟೆಯೇ ಅದರ ಮಾಡು. ಕಾರುಗಳಲ್ಲಿ ಕೂಡ ಬಹುಕಾಲ ಚಾವಣಿಯ ನಡುಭಾಗವನ್ನು ಬಟ್ಟೆಯಿಂದಲೇ ಮುಚ್ಚುತ್ತಿದ್ದರು. ಅಷ್ಟಗಲದ ಉಕ್ಕಿನ ತಗಡನ್ನು ಒಂದೇ ಬಾರಿಗೆ ಒತ್ತಿ ರೂಪಿಸುವುದು ಸುಲಭವಾಗಿರಲಿಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯು 1935ರ ಮಾದರಿಗಳಲ್ಲಿ ಇಡಿಯ ಚಾವಣಿಯನ್ನು ಉಕ್ಕಿನಲ್ಲಿಯೇ ಮಾಡಿತು.

ಉಕ್ಕಿನ ಮಾಡು ಭದ್ರವೇನೋ ಹೌದು. ಆದರೆ ಬಿಸಿಲಿಗೆ ಅದು ಕಾದ ಹೆಂಚಾಗುವುದು, ಮಳೆ ಬಿದ್ದರೆ ತಮಟೆಯಂತೆ ಸದ್ದು ಮಾಡುವುದು. ಈ ತಾಪವನ್ನೂ ಸದ್ದನ್ನೂ ತಗ್ಗಿಸುವ ಕೆಲಸ ಒಳಗಿನ ಬಟ್ಟೆಯ ಪಾಲಿಗೆ ಬಂದಿತು. ಹಿಂದಿನ ಕಾರುಗಳಲ್ಲಿ ಬಟ್ಟೆಯ ಹಿಂಬದಿಗೆ, ಲಂಗಕ್ಕೆ ಲಾಡಿ ಪೋಣಿಸಲು ಹೊಲಿಯುವಂತಹ ಮಡಿಕೆಗಳನ್ನು ಹೊಲಿದು, ಅವುಗಳೊಳಗೆ ಬಾಗಿದ ಕಂಬಿಗಳನ್ನು ತೂರಿಸಿ ಬಿಗಿಯುತ್ತಿದ್ದರು. ದುಡಿಮೆಗೆಂದೇ ಹುಟ್ಟಿದ ಪಿಕಪ್ಪುಗಳಿಗೆ ಈ ವೈಭವವೂ ಅಪರೂಪ. ಅನೇಕವುಗಳಲ್ಲಿ ಬಣ್ಣ ಬಳಿದ ಬರಿಯ ತಗಡು, ಇಲ್ಲವೆ ಗಟ್ಟಿ ರಟ್ಟು. ಪಿಕಪ್ಪು ಹೊಲದ ಗಾಡಿಯಾಗಿದ್ದುದು ಸಂಸಾರದ ಗಾಡಿಯೂ ಆದಂತೆ, ಅಚ್ಚಿನಲ್ಲಿ ಒತ್ತಿದ ಹಲಗೆಗೆ ಬಟ್ಟೆ ಅಂಟಿಸಿ ಚಾವಣಿಗೆ ಸಿಕ್ಕಿಸುವ ಪದ್ಧತಿ ಅದಕ್ಕೂ ಬಂದಿತು.

ತಪ್ಪು ಬಟ್ಟೆಯದಲ್ಲ

ಬಟ್ಟೆ ಜೋತುಬಿದ್ದಾಗ ಅದಕ್ಕೆ ವಯಸ್ಸಾಯಿತೆಂದೋ ಅಂಟು ಸಡಿಲಿತೆಂದೋ ತಿಳಿಯುವುದು ಸಹಜ. ನಿಜವಾದ ಕಥೆ ಬೇರೆ. ಬಟ್ಟೆಗೂ ಹಲಗೆಗೂ ನಡುವೆ ಕೆಲವೇ ಮಿಲಿಮೀಟರು ದಪ್ಪದ ಫೋಮಿನ ಪದರವಿರುತ್ತದೆ. ಪಾಲಿಯುರೇಥೇನ್ ಎಂಬ ವಸ್ತುವಿನಿಂದ ಮಾಡಿದ ಈ ಪದರ ಮುಟ್ಟಿದರೆ ಮೆತ್ತೆಯಂತಿರುವುದು. ಆದರೆ ವರ್ಷಗಟ್ಟಲೆ ತಾಪವನ್ನೂ ಗಾಳಿಯ ತೇವವನ್ನೂ ಉಂಡ ಮೇಲೆ ಅದರ ಅಣುಗಳ ಸರಪಳಿ ತುಂಡಾಗುತ್ತ ಬರುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗಿನ ಗಾಳಿಯೇ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ತಗಡಿಗೆ ಹತ್ತಿರದಲ್ಲಿರುವ ಫೋಮಿನ ಪಾಡನ್ನು ಹೇಳಬೇಕಾಗಿಲ್ಲ. ಕಡೆಗೆ ಅದು ಹಳದಿ ಪುಡಿಯಾಗಿ ಉದುರುವುದು. ಅಂಟು ತಾನು ಹಿಡಿದುದನ್ನು ಬಿಟ್ಟಿರುವುದಿಲ್ಲ. ಹಿಡಿಯಲು ಏನೂ ಉಳಿದಿರುವುದಿಲ್ಲ, ಅಷ್ಟೆ.

ಈ ಗುಟ್ಟನ್ನು ಅರಿಯದವರು ಬಟ್ಟೆಯ ಸಂದಿನಲ್ಲಿ ಅಂಟು ಸಿಂಪಡಿಸಿ ಒತ್ತುತ್ತಾರೆ. ಒಂದು ವಾರ ನಿಂತ ಬಟ್ಟೆ ಮರುವಾರ ಮತ್ತೆ ಇಳಿಬೀಳುತ್ತದೆ. ಧೂಳಿನ ಮೇಲೆ ಹಚ್ಚಿದ ಅಂಟು ಧೂಳನ್ನೇ ಹಿಡಿದೀತಲ್ಲದೆ ಹಲಗೆಯನ್ನು ಹಿಡಿದೀತೆ?

ಕೆಲಸದ ಕ್ರಮ

ಆದುದರಿಂದ ಬಲ್ಲವರು ಹಲಗೆಯನ್ನೇ ಇಳಿಸಿಬಿಡುತ್ತಾರೆ. ಬಿಸಿಲು ತಡೆಯುವ ಪಟ್ಟಿಗಳು, ಒಳದೀಪ, ಕೋಟು ತೂಗುವ ಕೊಕ್ಕೆ, ಅಂಚಿನ ಪಟ್ಟಿಗಳು ಇವನ್ನೆಲ್ಲ ಒಂದೊಂದಾಗಿ ಬಿಚ್ಚಿ, ತಿರುಪುಮೊಳೆಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಇಟ್ಟುಕೊಳ್ಳುವರು. ಒಂದೇ ಸಾಲು ಆಸನವಿರುವ ಪಿಕಪ್ಪಿನ ಹಲಗೆ ಚಿಕ್ಕದು. ಓರೆಮಾಡಿ ಬಾಗಿಲಿನಿಂದ ಹೊರಕ್ಕೆ ತರಬಹುದು. ಆದರೂ ಎರಡು ಜೊತೆ ಕೈಗಳು ಬೇಕು. ಹಳೆಯ ಹಲಗೆ ಹಪ್ಪಳದಂತೆ. ಸ್ವಲ್ಪ ಹೆಚ್ಚು ಬಾಗಿದರೂ ಮುರಿಯುವುದು.

ಆಮೇಲೆ ಬರುವುದೇ ಯಾರಿಗೂ ಬೇಡವಾದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹಳೆಯ ಬಟ್ಟೆಯನ್ನು ಸುಲಿದು, ಹಲಗೆಗೆ ಅಂಟಿದ ಫೋಮನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇಲ್ಲದೆ ಇದಕ್ಕೆ ಕೈಹಾಕಬಾರದು. ಹೆಚ್ಚು ಒರಟಾಗಿ ಉಜ್ಜಿದರೆ ಹಲಗೆಯೇ ಕಿತ್ತುಬರುವುದು. ಮೃದುವಾಗಿ ಉಜ್ಜಿದರೆ ಪುಡಿ ಉಳಿಯುವುದು. ಅಂಗೈಯಿಂದ ಸವರಿದಾಗ ಏನೂ ಮೆತ್ತಿಕೊಳ್ಳದಿದ್ದರೆ ಹಲಗೆ ಸಿದ್ಧವಾಯಿತೆಂದು ಅರ್ಥ.

ಇನ್ನು ಅಂಟು. ಸಾಮಾನ್ಯ ಅಂಟು ಬೇಸಿಗೆಯಲ್ಲಿ ಕರಗುವುದರಿಂದ ಹೆಚ್ಚು ಶಾಖ ತಡೆಯುವಂತಹುದೇ ಆಗಬೇಕು. ಅದರ ಆವಿ ಬೇಗ ಹೊತ್ತಿಕೊಳ್ಳುವುದು. ಆದುದರಿಂದ ಗಾಳಿಯಾಡುವ ಬಯಲಿನಲ್ಲಿ, ಬೆಂಕಿಗೆ ದೂರವಾಗಿ ಕೆಲಸ ನಡೆಯಬೇಕು. ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಅರ್ಧವನ್ನು ಹಿಂದಕ್ಕೆ ಮಡಿಸಿ, ಹಲಗೆಗೂ ಬಟ್ಟೆಗೂ ಅಂಟು ಸಿಂಪಡಿಸಿ, ಅದು ಬೆರಳಿಗೆ ಜಿಗುಟಾಗುವವರೆಗೆ ಕಾದು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತ ಹೋಗುವರು. ಬಳಿಕ ಉಳಿದರ್ಧ. ತಗ್ಗುಗಳಿರುವೆಡೆ ಬಟ್ಟೆಯನ್ನು ಬಿಗಿಯಾಗಿ ಎಳೆಯದೆ ತಗ್ಗಿನೊಳಕ್ಕೆ ಒತ್ತಬೇಕು. ಎಳೆದರೆ ನಾಳೆ ಅಲ್ಲಿಯೇ ಗುಳ್ಳೆಯೇಳುವುದು. ಸುತ್ತ ಎರಡಂಗುಲ ಹೆಚ್ಚಾಗಿ ಬಿಟ್ಟ ಬಟ್ಟೆಯನ್ನು ಹಿಂದಕ್ಕೆ ಮಡಿಸಿ ಅಂಟಿಸಿ, ಒಂದು ದಿನ ಒಣಗಿಸಿ, ಹಲಗೆಯನ್ನು ಮೊದಲಿದ್ದಂತೆ ಸಿಕ್ಕಿಸಿದರೆ ಮುಗಿಯಿತು.

ಯಾವ ಬಟ್ಟೆ?

ಅಭಿರುಚಿಗೆ ಅವಕಾಶವಿರುವುದು ಇಲ್ಲಿಯೇ. ಕ್ಯಾಲಿಫೋರ್ನಿಯದ ಮೆಕ್ಸಿಕನ್ ಮೂಲದ ತರುಣರು ತಮ್ಮ ತಗ್ಗಿಸಿದ ‘ಲೋರೈಡರ್’ ಗಾಡಿಗಳ ಒಳಭಾಗಕ್ಕೆ ಮಖಮಲ್ಲನ್ನು ಹೊದಿಸಿ, ಗುಂಡಿಗಳನ್ನಿಟ್ಟು ಉಬ್ಬುತಗ್ಗಾಗಿ ಹೊಲಿಸುವುದರಲ್ಲಿ ಹೆಸರಾದವರು. ಕೆಲವರು ಜೀನ್ಸಿನ ಬಟ್ಟೆಯನ್ನು ಮೆಚ್ಚಿದರೆ, ಕೆಲವರಿಗೆ ಚೌಕುಳಿ ಇಷ್ಟ, ಮತ್ತೆ ಕೆಲವರಿಗೆ ಮೆಕ್ಸಿಕೋದ ಪಟ್ಟೆಪಟ್ಟೆಯ ಕಂಬಳಿ. ಚೌಕುಳಿಯನ್ನೂ ಪಟ್ಟೆಯನ್ನೂ ಆರಿಸುವವರಿಗೆ ಎಚ್ಚರ ಬೇಕು: ಗೆರೆ ಒಂದೆಳೆ ಓರೆಯಾದರೂ ಪ್ರತಿದಿನ ಕಣ್ಣಿಗೆ ಚುಚ್ಚುವುದು. ಕಡುಬಣ್ಣ ಚಾವಣಿಯನ್ನು ತಗ್ಗಿಸಿದಂತೆಯೂ ತಿಳಿಬಣ್ಣ ಎತ್ತರಿಸಿದಂತೆಯೂ ತೋರುವುದು. ತೆಳುಬಟ್ಟೆಯನ್ನು ನೇರವಾಗಿ ಅಂಟಿಸಿದರೆ ಅಂಟಿನ ಕಲೆ ಹೊರಗೆ ಒಸರುವುದಲ್ಲದೆ ಹಲಗೆಯ ಕುಂದೆಲ್ಲ ಎದ್ದು ಕಾಣುವುದು. ಆದುದರಿಂದ ಹಿಂದೆ ಹೊಸ ಫೋಮಿನ ಪದರವಿರಲೇಬೇಕು. ಇದಕ್ಕೆಂದೇ ಫೋಮ್ ಸೇರಿಸಿ ಮಾರುವ ಬಟ್ಟೆ ಸಾಮಾನ್ಯವಾಗಿ 60 ಅಂಗುಲ ಅಗಲವಿರುತ್ತದೆ. ಚಿಕ್ಕ ಪಿಕಪ್ಪಿಗೆ ಎರಡು ಗಜ ಸಾಕು.

ಆದರೆ ಅಂದಕ್ಕಿಂತ ಮಿಗಿಲಾದ ವಿಚಾರವೊಂದಿದೆ. ತಲೆಯ ಮೇಲಿನ ಬಟ್ಟೆಗೆ ಕಿಡಿ ತಗುಲಿದರೆ? 1972ರ ಸೆಪ್ಟೆಂಬರಿನಿಂದ ತಯಾರಾಗುವ ವಾಹನಗಳ ಒಳಬಟ್ಟೆ ನಿಮಿಷಕ್ಕೆ ನಾಲ್ಕು ಅಂಗುಲಕ್ಕಿಂತ ವೇಗವಾಗಿ ಉರಿಯಬಾರದೆಂದು ಅಮೆರಿಕದ ಸುರಕ್ಷತಾ ನಿಯಮವಿದೆ. ಮೇಲ್ಕಟ್ಟೂ ಅದರಲ್ಲಿ ಸೇರಿದೆ. ಆ ನಿಯಮ ತಯಾರಕರನ್ನು ಕುರಿತದ್ದು. ಮನೆಯಲ್ಲಿ ಕೂತು ಪರದೆಯ ಬಟ್ಟೆಯನ್ನು ಅಂಟಿಸುವವನನ್ನು ಯಾರೂ ಪರೀಕ್ಷಿಸರು; ಅವನೇ ತನ್ನ ಪರೀಕ್ಷಕನಾಗಬೇಕು. ಇತ್ತೀಚಿನ ವಾಹನಗಳಲ್ಲಿ ಅಪಘಾತವಾದಾಗ ಉಬ್ಬಿ ಕಾಪಾಡುವ ಗಾಳಿಚೀಲಗಳು ಮೇಲ್ಕಟ್ಟಿನ ಅಂಚಿನ ಹಿಂದೆಯೇ ಅಡಗಿರುತ್ತವೆ. ಅಂತಹವನ್ನು ಬಲ್ಲ ಕುಶಲಿಗಳಿಗೆ ಬಿಡುವುದೇ ಲೇಸು.

ಕೆಲಸ ಮುಗಿದ ಪಿಕಪ್ಪಿನಲ್ಲಿ ಕುಳಿತವರು ಬಟ್ಟೆಯ ಬಣ್ಣವನ್ನು ಹೊಗಳುವರು, ಹೊಲಿಗೆಯನ್ನು ಮೆಚ್ಚುವರು. ಉಜ್ಜಿ ಉಜ್ಜಿ ಕೈ ಸೋತ ಆ ಮಧ್ಯಾಹ್ನವನ್ನು ಯಾರೂ ಕೇಳುವುದಿಲ್ಲ. ಆದರೂ ನೆತ್ತಿಯ ಮೇಲೆ ಬಟ್ಟೆಯನ್ನು ನಿಲ್ಲಿಸಿರುವುದು ಅದೇ. ಹೊಸ ಫೋಮಿಗೂ ಒಂದು ದಿನ ಮುಪ್ಪು ಬಂದೇ ಬರುವುದು. ಆಗ ಹಲಗೆಯನ್ನು ಇಳಿಸುವವನು, ಬಹುಶಃ ಈಗ ಬಟ್ಟೆಯ ಅಂಚನ್ನು ಹಿಡಿದು ನಿಂತಿರುವ ಹುಡುಗನೇ, ಹಿಂದಿನವರು ಶ್ರದ್ಧೆಯಿಂದ ದುಡಿದಿದ್ದರೋ ಇಲ್ಲವೋ ಎಂಬುದನ್ನು ಮೊದಲ ನೋಟಕ್ಕೇ ತಿಳಿಯುವನು.